ಮಳೆಗಾಲದಲ್ಲಿ ಮನೆಯ ಬೆಕ್ಕುಗಳು ಕಚ್ಚಾಡಿದರೆ: ದನಿ ಕೇಳುವುದರಿಂದ ಹಿಡಿದು ಮತ್ತೆ ಒಟ್ಟುಗೂಡಿಸುವವರೆಗೆ

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅಡಿಕೆ ತೋಟದ ಅಂಚಿನಲ್ಲಿದೆ. ಬೇಸಿಗೆಯಲ್ಲಿ ನಮ್ಮ ಎರಡು ಬೆಕ್ಕುಗಳು ಮುಖಾಮುಖಿ ಆಗುವುದೇ ಅಪರೂಪ. ಚಿನ್ನಿಗೆ ಹಿತ್ತಲು, ಬಾವಿಕಟ್ಟೆ, ಅತ್ತೆಯ ಮಂಚ. ಕರಿಯನಿಗೆ ಕೊಟ್ಟಿಗೆ, ಅಟ್ಟ, ತೋಟ. ಆರಿದ್ರಾ ಮಳೆ ಹಿಡಿಯಿತು ಅಂದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹಗಲೂ ರಾತ್ರಿ ಸುರಿಯುವ ಮಳೆಯಲ್ಲಿ ಎರಡಕ್ಕೂ ಬೇಕಾಗುವುದು ಒಂದೇ ಜಾಗ, ಬಚ್ಚಲುಮನೆಯಲ್ಲಿ ಹಂಡೆ ಒಲೆಯ ಪಕ್ಕದ ಕಟ್ಟೆ. ಅದು ಒಂದು ಗೋಣಿಚೀಲ ಹಾಸುವಷ್ಟು ಅಗಲ, ಅಷ್ಟೆ.

ಆ ಕಟ್ಟೆಗಾಗಿ ನಡೆದ ಜಗಳಗಳನ್ನು ಮೂರು ಮಳೆಗಾಲ ನೋಡಿದ್ದೇನೆ. ಮೊದಲ ವರ್ಷ ನಾನು ಎಲ್ಲವನ್ನೂ ತಪ್ಪಾಗಿಯೇ ಮಾಡಿದೆ. ಬುಸುಗುಟ್ಟಿದವಳನ್ನು ಬೈದೆ, ಸುಮ್ಮನೆ ಕೂತವನನ್ನು ಮುದ್ದು ಮಾಡಿದೆ. ಅತ್ತೆ ಒಂದು ದಿನ ಒಲೆಗೆ ಸೌದೆ ಒಡ್ಡುತ್ತಾ ಹೇಳಿದರು, "ಅದನ್ನ ಯಾಕೆ ಬೈತೀಯ ಮಾರಾಯ್ತಿ, ಅದು ಹೆದ್ರಿದ್ದು. ಹೆದ್ರಿಸ್ತಿರೋದು ಅಲ್ಲಿ ಬಾಗಿಲಲ್ಲಿ ಕೂತಿದೆ ನೋಡು." ಆ ಮಾತು ಕೇಳಿದ ಮೇಲೆ ನಾನು ಬೆಕ್ಕಿನ ಜಗಳವನ್ನು ನೋಡುವ ರೀತಿಯೇ ಬದಲಾಯಿತು. ಎರಡು ಮೂರು ಬೆಕ್ಕು ಸಾಕಿಕೊಂಡು, ಮಳೆ ಬಂದಾಗಲೆಲ್ಲ ಮನೆಯೊಳಗೆ ಕುರುಕ್ಷೇತ್ರ ನೋಡುವವರಿಗಾಗಿ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಶುರುವಿಗೇ ಒಂದು ವಿಷಯ. ನಾವು ಸಾಕುವ ಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ನಾಯಿಗಳಂತೆ ಗುಂಪು ಕಟ್ಟಿಕೊಂಡು, ಜಗಳವಾದ ಮೇಲೆ ರಾಜಿಯಾಗುವ ಅಭ್ಯಾಸ ಅದಕ್ಕೆ ಅಷ್ಟಾಗಿ ಇಲ್ಲ. ದೂರ ಹೋಗುವುದೇ ಅದರ ರಾಜಿ. ಹಾಗಾಗಿ "ಬಿಡಿ, ಅವೇ ಸರಿಮಾಡಿಕೊಳ್ತವೆ" ಎನ್ನುವ ಮಾತು ಬೆಕ್ಕಿನ ವಿಷಯದಲ್ಲಿ ಹೆಚ್ಚಾಗಿ ಸುಳ್ಳಾಗುತ್ತದೆ. ದೂರ ಹೋಗಲು ಜಾಗ ಇಲ್ಲದಿದ್ದರೆ ಪ್ರತಿ ಜಗಳವೂ ಮುಂದಿನ ಜಗಳಕ್ಕೆ ಬೀಜ.

1. ಮೊದಲು ದನಿ ಬಿಡಿಸಿಕೊಳ್ಳಿ

1944ರಲ್ಲಿ ಮಿಲ್ಡ್ರೆಡ್ ಮೋಲ್ಕ್ ಎಂಬ ಸಂಶೋಧಕಿ ಬೆಕ್ಕಿನ ದನಿಗಳನ್ನು ಬಾಯಿ ಹೇಗಿದೆ ಎಂಬುದರ ಮೇಲೆ ಮೂರು ಗುಂಪು ಮಾಡಿದರು. ಮನೆಯಲ್ಲಿ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಬಾಯಿ ಮುಚ್ಚಿಕೊಂಡು ಹೊರಡುವ ದನಿಗಳು ಬಹುಪಾಲು ಸ್ನೇಹದವು. ಗೊರಗೊರ ನಿಮಗೆ ಗೊತ್ತು. ಇನ್ನೊಂದು ಗಂಟಲಲ್ಲೇ ಉರುಳುವ "ಮ್ರ್ರು" ಎಂಬ ಪುಟ್ಟ ದನಿ. ತಾಯಿ ಮರಿಗಳನ್ನು ಕರೆಯುವುದು ಇದರಿಂದಲೇ. ದೊಡ್ಡ ಬೆಕ್ಕುಗಳು ಎದುರಾದಾಗ ಒಂದು ಹೀಗೆ ಅಂದರೆ ಆ ದಿನ ನೀವು ನಿಶ್ಚಿಂತೆಯಿಂದ ಇರಬಹುದು. ಗೊರಗೊರದ ಬಗ್ಗೆ ಮಾತ್ರ ಒಂದು ಎಚ್ಚರಿಕೆ: ನೋವಿನಲ್ಲಿರುವ, ಪೆಟ್ಟು ತಿಂದ ಬೆಕ್ಕೂ ಗೊರಗುಟ್ಟುತ್ತದೆ. ಮೂಲೆಯಲ್ಲಿ ಮುದುಡಿ ಕೂತು, ಊಟ ಬಿಟ್ಟು, ಗೊರಗುಟ್ಟುತ್ತಿದ್ದರೆ ಅದು ಸುಖದ ದನಿ ಅಲ್ಲ.

ಬಾಯಿ ತೆರೆದು ಮುಚ್ಚುತ್ತಾ ಹೊರಡುವುದು ಮಿಯಾಂವ್. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಇದನ್ನು ಬಳಸುವುದು ತೀರಾ ಕಡಿಮೆ, ಅದು ನಮಗಾಗಿ ಇಟ್ಟುಕೊಂಡ ಭಾಷೆ. ಬೆದೆಗೆ ಬಂದ ಹೆಣ್ಣು ಕೂಗುವ ಉದ್ದನೆ ಕರೆಯೂ ಇದೇ ಗುಂಪಿನದು. ನೆಲದಲ್ಲಿ ಹೊರಳುತ್ತಾ, ಹಿಂಭಾಗ ಎತ್ತಿಕೊಂಡು ಕೂಗಿದರೆ ಜಗಳವೆಂದು ಗಾಬರಿ ಆಗಬೇಡಿ.

ಬಾಯಿ ಬಿಗಿಯಾಗಿ ತೆರೆದೇ ಇಟ್ಟುಕೊಂಡು ಹೊರಡುವುದು ಮೂರನೆಯ ಗುಂಪು. ಕಿವಿ ನೆಟ್ಟಗೆ ಮಾಡಬೇಕಾದದ್ದು ಇಲ್ಲಿ.

ಬುಸುಗುಟ್ಟುವುದು ಎಂದರೆ "ಹತ್ತಿರ ಬರಬೇಡ" ಎಂದು ಕೇಳಿಕೊಳ್ಳುವುದು. ಬುಸ್ ಎಂದ ಬೆಕ್ಕು ಸಾಮಾನ್ಯವಾಗಿ ಹೆದರಿದ ಬೆಕ್ಕು. ಇದರ ಚಿಕ್ಕ, ಸಿಡಿದಂಥ ರೂಪವೂ ಒಂದಿದೆ, "ಫ್ಸ್ಕ್!" ಎಂದು ಉಗುಳಿದ ಹಾಗೆ. ತೀರಾ ಹತ್ತಿರದಲ್ಲಿ, ಅನಿರೀಕ್ಷಿತವಾಗಿ ಎದುರಾದಾಗ ಅದು ಬರುತ್ತದೆ.

ಗುರ್ರ್ ಎನ್ನುವ ತಗ್ಗು ದನಿ ಬುಸುಗುಟ್ಟುವುದಕ್ಕಿಂತ ಒಂದು ಮೆಟ್ಟಿಲು ಮೇಲೆ. ಬಾಯಲ್ಲಿ ಇಲಿಯೋ ಮೀನಿನ ತುಂಡೋ ಇದ್ದಾಗ ಗುರ್ರ್ ಎಂದರೆ ಚಿಂತೆ ಬೇಡ, ದಾರಿ ಬಿಟ್ಟುಕೊಟ್ಟರೆ ಮುಗಿಯಿತು. ಬಾಯಲ್ಲಿ ಏನೂ ಇಲ್ಲದೆ, ಇನ್ನೊಂದರ ಮೇಲೆ ಕಣ್ಣು ನೆಟ್ಟು ಗುರುಗುಟ್ಟಿದರೆ ನಾಲ್ಕು ಹೆಜ್ಜೆ ದೂರದಲ್ಲಿ ಜಗಳ ನಿಂತಿದೆ ಎಂದೇ ತಿಳಿಯಿರಿ.

ರಾತ್ರಿ ಹೊತ್ತು ಎಳೆಮಗು ಅತ್ತ ಹಾಗೆ ಕೇಳುವುದು, ಎರಡು ಬೆಕ್ಕು ಎದುರುಬದುರು ನಿಂತು ಹೊರಡಿಸುವ ಉದ್ದನೆ ಕೂಗು. ಏರುತ್ತದೆ, ಇಳಿಯುತ್ತದೆ, ಒಂದು ನಿಲ್ಲಿಸಿದರೆ ಇನ್ನೊಂದು ಹಿಡಿಯುತ್ತದೆ. ಕೇಳಲು ಭಯಂಕರ. ಆದರೂ ಇದು ಹೆಚ್ಚಿನ ಪಾಲು ಚೌಕಾಸಿ. ಎಷ್ಟೋ ಸಲ ಒಂದು ಬೆಕ್ಕು ಕಣ್ಣು ತಪ್ಪಿಸಿ, ನಿಧಾನಕ್ಕೆ, ಅಕ್ಕಿ ಹಿಟ್ಟಿನ ಮೇಲೆ ನಡೆದಂತೆ ಹೆಜ್ಜೆ ಎತ್ತಿಟ್ಟು ಹಿಂದೆ ಸರಿಯುತ್ತದೆ. ಆ ನಿಧಾನವೇ ಅದರ ಸೋಲೊಪ್ಪಿಗೆ. ನೀವು ಆಗ "ಹಚಾ" ಎಂದು ಓಡಿ ಹೋದಿರೋ, ಹಿಂದೆ ಸರಿಯುವುದು ಬೆಚ್ಚಿ ಓಡುತ್ತದೆ, ಇನ್ನೊಂದು ಅಟ್ಟಿಸಿಕೊಂಡು ಹೋಗುತ್ತದೆ. ಜಗಳ ಮಾಡಿಸಿದವರು ನೀವೇ ಆದಿರಿ.

ಕೊನೆಯದು ಕಿರುಚಾಟ. ಅಷ್ಟರಲ್ಲಿ ಮೈಗೆ ಮೈ ಬಿದ್ದಿರುತ್ತದೆ.

2. ದನಿ ಇಲ್ಲದ ಜಗಳ ನೋಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು, ಎಲ್ಲಕ್ಕಿಂತ ಕಡಿಮೆ ಜನ ಗಮನಿಸುವುದೂ ಇದನ್ನೇ.

ನಮ್ಮ ಬಚ್ಚಲುಮನೆಗೆ ಒಂದೇ ಬಾಗಿಲು. ಆ ಮಳೆಗಾಲದಲ್ಲಿ ಕರಿಯ ದಿನಾ ಸಂಜೆ ಹೊಸ್ತಿಲ ಮೇಲೆ ಕೂರುತ್ತಿದ್ದ. ಮುಂಗಾಲು ಜೋಡಿಸಿ, ಬಾಲ ಪಾದಕ್ಕೆ ಸುತ್ತಿಕೊಂಡು, ನೋಡುವವರಿಗೆ ಋಷಿಯ ಹಾಗೆ. ಚಿನ್ನಿ ಒಳಗೆ ಒಲೆಕಟ್ಟೆಯ ಮೇಲೆ. ಅವನ ಕಣ್ಣು ಅವಳ ಮೇಲಿಂದ ಕದಲುತ್ತಿರಲಿಲ್ಲ, ರೆಪ್ಪೆ ಬಡಿಯುತ್ತಿರಲಿಲ್ಲ. ಬಾಲದ ತುದಿ ಮಾತ್ರ ಒಂದು ಬೆರಳಿನಷ್ಟು ಅತ್ತಿತ್ತ ಆಡುತ್ತಿತ್ತು. ಚಿನ್ನಿ ಗೋಡೆಗೆ ಮೈ ಒತ್ತಿಕೊಂಡು, ತುಟಿ ನೆಕ್ಕಿಕೊಳ್ಳುತ್ತಾ, ಊಟದ ಹೊತ್ತು ಮೀರಿದರೂ ಇಳಿಯುತ್ತಿರಲಿಲ್ಲ. ಒಂದು ಶಬ್ದವೂ ಇಲ್ಲ. ಕೊನೆಗೆ ತಾಳಲಾರದೆ ಅವಳು ಬುಸ್ ಎಂದಾಗ ನಾವೆಲ್ಲ ತಿರುಗಿ ನೋಡುತ್ತಿದ್ದೆವು, ಅವಳನ್ನೇ ಗದರಿಸುತ್ತಿದ್ದೆವು. ಬೈಗುಳಕ್ಕೆ ಹೆದರಿ ಬುಸುಗುಟ್ಟುವುದನ್ನು ಬಿಟ್ಟ ಬೆಕ್ಕು ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಪರಚುತ್ತದೆ. ಚಿನ್ನಿ ಹಾಗೇ ಮಾಡಿದಳು.

ಆದ್ದರಿಂದ ದಾರಿಗೆ ಅಡ್ಡ ಕೂರುವುದು, ದಿಟ್ಟಿಸುವುದು, ಮಲಗಿದ್ದನ್ನು ಎಬ್ಬಿಸಿ ಆ ಜಾಗ ಹಿಡಿಯುವುದು, ಊಟದ ತಟ್ಟೆಯ ಹತ್ತಿರ ಸುಮ್ಮನೆ ನಿಲ್ಲುವುದು, ಇವೆಲ್ಲವನ್ನೂ ಜಗಳದ ಲೆಕ್ಕಕ್ಕೇ ಸೇರಿಸಿ.

ಮೈಯಲ್ಲಿ ನೋಡಬೇಕಾದ್ದು ಕಿವಿ, ಕಣ್ಣು, ಬಾಲ. ಕಿವಿ ತಲೆಗೆ ಅಂಟಿದ ಹಾಗೆ ಪಕ್ಕಕ್ಕೆ, ಹಿಂದಕ್ಕೆ ಮಲಗಿದ್ದರೆ ಹೆದರಿಕೆ. ಕಿವಿ ನಿಂತೇ ಇದ್ದು ಹಿಂಬದಿ ಕಾಣುವ ಹಾಗೆ ತಿರುಚಿದ್ದರೆ ಮೇಲೆ ಬೀಳುವ ಮನಸ್ಸು. ಹೆದರಿದ ಬೆಕ್ಕಿನ ಕಣ್ಣಿನ ಪಾಪೆ ಬೆಳಕಿದ್ದರೂ ದೊಡ್ಡದಾಗುತ್ತದೆ. ಬೆನ್ನು ಬಿಲ್ಲಾಗಿ ಬಾಲ ಉಬ್ಬಿದ್ದರೆ "ನಾನು ದೊಡ್ಡವನು" ಎಂದು ತೋರಿಸಿಕೊಳ್ಳುತ್ತಿದೆ, ಒಳಗೆ ಭಯವೇ. ಬಾಲ ನೆಲಕ್ಕೆ ಪಟಪಟ ಬಡಿಯುತ್ತಿದ್ದರೆ ನಿಮ್ಮ ಕೈ ಹಿಂದಕ್ಕೆ ಬರಲಿ.

3. ಆಟವೋ ಜಗಳವೋ

ಆಟದಲ್ಲಿ ಸರದಿ ಇರುತ್ತದೆ: ಒಮ್ಮೆ ಇದು ಮೇಲೆ, ಒಮ್ಮೆ ಅದು. ಉಗುರು ಒಳಗಿರುತ್ತದೆ, ಕಚ್ಚಿದರೂ ಒತ್ತುವುದಿಲ್ಲ, ಹೆಚ್ಚು ಶಬ್ದ ಇರುವುದಿಲ್ಲ. ಅನುಮಾನ ಬಂದರೆ ಮೇಲಿರುವ ಬೆಕ್ಕನ್ನು ಒಂದು ಹಲಗೆಯಿಂದ ತಡೆದು ನಿಲ್ಲಿಸಿ. ಕೆಳಗಿದ್ದದ್ದು ಮತ್ತೆ ಆಟಕ್ಕೆ ಬಂದರೆ ಅದು ಆಟ. ಮಂಚದಡಿ ಸೇರಿದರೆ ಆಟ ಅಲ್ಲ.

ಇನ್ನೊಂದು ಮಾತು. ಮರಿಯಿಂದ ಒಟ್ಟಿಗೆ ಬೆಳೆದವು ಎರಡು ಮೂರು ವರ್ಷಕ್ಕೆ ಬಂದಾಗ ಇದ್ದಕ್ಕಿದ್ದಂತೆ ಕಚ್ಚಾಡಲು ಶುರುಮಾಡುವುದುಂಟು. ಆ ವಯಸ್ಸಿಗೆ ಬೆಕ್ಕು ತನ್ನದೇ ಜಾಗ ಹಿಡಿಯಲು ನೋಡುತ್ತದೆ. ಅಣ್ಣ ತಂಗಿ ಹೀಗೇಕೆ ಎಂದು ಕೊರಗಬೇಡಿ.

4. ಕಚ್ಚಾಟ ಶುರುವಾದ ಗಳಿಗೆಯಲ್ಲಿ

ಕೈ ಹಾಕಬೇಡಿ. ಕಾಲು ಚಾಚಬೇಡಿ. ನೀರು ಎರಚಬೇಡಿ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಿದ ಪ್ರಾಣಿ ಆ ಭಯವನ್ನು ಎದುರಿದ್ದ ಬೆಕ್ಕಿನ ಜೊತೆಗೇ ಸೇರಿಸಿ ನೆನಪಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಬಚ್ಚಲುಮನೆ ಬಾಗಿಲ ಹಿಂದೆ ಒಂದು ಹಳೆಯ ಮೊರ ತೂಗುಹಾಕಿರುವುದು ಇದಕ್ಕೇ. ಎರಡರ ಮಧ್ಯೆ ಮೊರ ಇಳಿಸಿದರೆ ಒಂದಕ್ಕೊಂದು ಕಾಣುವುದಿಲ್ಲ. ನೋಟ ಕಡಿದರೆ ಅರ್ಧ ಜಗಳ ಕಡಿದ ಹಾಗೆ. ರಟ್ಟು, ದಪ್ಪ ದಿಂಬು, ಹಲಗೆ ಯಾವುದಾದರೂ ಆದೀತು. ದಪ್ಪ ಕಂಬಳಿ ಒಂದರ ಮೇಲೆ ಹಾಕಿ ಅದನ್ನು ಹಾಗೇ ಕೋಣೆಗೆ ತಳ್ಳಿಕೊಂಡು ಹೋಗಬಹುದು.

ಈಗ ಆ ರಾತ್ರಿಯ ಕತೆ ಹೇಳಬೇಕು. ಪುಷ್ಯ ಮಳೆಯ ಹೊತ್ತು, ಕರೆಂಟಿಲ್ಲ. ಊರಿನ ಗಡವ ಬೆಕ್ಕೊಂದು ಅಡುಗೆಮನೆಯ ಕಿಟಕಿಯ ಸರಳಿನ ಆಚೆ ಬಂದು ನಿಂತಿತ್ತು. ಒಳಗೆ ಚಿನ್ನಿ ಅದನ್ನು ನೋಡಿ ಮೈಯೆಲ್ಲ ಉಬ್ಬಿಸಿಕೊಂಡು ಕೂಗುತ್ತಿದ್ದಳು. ಆ ವೇಳೆಗೆ ಕರಿಯ ಅಟ್ಟದಿಂದ ಇಳಿದು, ಏನೂ ಅರಿಯದೆ ಅವಳ ಹಿಂದೆ ಬಂದ. ಚಿನ್ನಿ ಗಿರಕ್ಕನೆ ತಿರುಗಿ ಅವನ ಮೇಲೆ ಬಿದ್ದಳು. ಬಿಡಿಸಲು ನಾನು ಕೈ ಚಾಚಿದೆ. ಹೆಬ್ಬೆರಳ ಬುಡಕ್ಕೆ ಹಲ್ಲು ಇಳಿಯಿತು.

ಆಚೆ ಇರುವವನ ಮೇಲಿನ ಸಿಟ್ಟು ಕೈಗೆ ಸಿಕ್ಕಿದವರ ಮೇಲೆ ತಿರುಗುವ ಈ ಬಗೆಯ ಜಗಳ ಬೆಕ್ಕುಗಳಲ್ಲಿ ತುಂಬಾ ಸಾಮಾನ್ಯ. ಚೆನ್ನಾಗಿಯೇ ಇದ್ದ ಜೋಡಿ ಇದರಿಂದ ಒಂದೇ ರಾತ್ರಿಯಲ್ಲಿ ಬದ್ಧವೈರಿಗಳಾಗಿಬಿಡುತ್ತವೆ. ಏರಿದ ಸಿಟ್ಟು ಇಳಿಯಲು ಕೆಲವು ಗಂಟೆ ಬೇಕು, ಕೆಲವೊಮ್ಮೆ ದಿನವೇ ಹಿಡಿಯುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಕೋಣೆಗೆ ಹಾಕಿ. ಸಿಟ್ಟಾದದ್ದನ್ನು ನೀರು, ಮರಳಿನ ತಟ್ಟೆ, ಹಾಸಿಗೆ ಇಟ್ಟು ಕತ್ತಲೆ ಕೋಣೆಯಲ್ಲಿ ಬಿಡಿ. ಸಮಾಧಾನ ಮಾಡಲು, ಎತ್ತಿಕೊಳ್ಳಲು ಹೋಗಬೇಡಿ. ಮರುದಿನವೇ ಆ ಕಿಟಕಿಯ ಕೆಳಭಾಗಕ್ಕೆ ರಟ್ಟು ಕಟ್ಟಿ. ಸೋತದ್ದನ್ನು ರಾತ್ರಿ ಹೊರಗೆ ಹಾಕಿ ಜಗಳ ಮುಗಿಸುವ ಯೋಚನೆ ಬೇಡ, ನಮ್ಮ ಕಡೆ ಚಿರತೆ ಅಂಗಳದವರೆಗೆ ಬರುತ್ತದೆ.

5. ಗಾಯ ಹುಡುಕಿ

ಬೆಕ್ಕಿನ ಕೋರೆಹಲ್ಲು ಸೂಜಿಯ ಹಾಗೆ. ಮೇಲೆ ತೂತು ಚಿಕ್ಕದು, ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ. ಎರಡರಿಂದ ನಾಲ್ಕು ದಿನದಲ್ಲಿ ಊತ, ಜ್ವರ, ಊಟ ಬಿಡುವುದು. ಜಗಳದ ಮರುದಿನ ಕೂದಲು ಬಿಡಿಸಿ ಬೆರಳಾಡಿಸಿ ನೋಡಿ. ಮುಖ, ಮುಂಗಾಲಿನಲ್ಲಿ ಗಾಯವಿದ್ದರೆ ಅದು ಎದುರು ನಿಂತಿತ್ತು, ಬಾಲದ ಬುಡದಲ್ಲಿದ್ದರೆ ಓಡುತ್ತಿತ್ತು. ಯಾರು ಯಾರನ್ನು ಅಟ್ಟಿದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ದಯವಿಟ್ಟು ಇದನ್ನು ಮನೆಯ ಎಲ್ಲರಿಗೂ ಹೇಳಿ: ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಮನುಷ್ಯರ ಒಂದೇ ಮಾತ್ರೆ ಸಾಕು, ಜೀವ ಹೋಗುತ್ತದೆ. ಜ್ವರ ಬಂದಿದೆ ಎಂದು ಮಕ್ಕಳಿಗೆ ಕೊಡುವ ಸಿರಪ್ ಕೊಡಬೇಡಿ, ಊರಿನ ಪಶು ಆಸ್ಪತ್ರೆಗೆ ಒಯ್ಯಿರಿ. ಶಿವಮೊಗ್ಗಕ್ಕೆ ಹೋಗಬಲ್ಲವರಿಗೆ ವಿನೋಬನಗರದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ.

ನಿಮಗೆ ಕಚ್ಚಿದ್ದರೆ, ಪರಚಿ ರಕ್ತ ಬಂದಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ವಿಷಯ ಕೇಳಿ. ನಾಯಿಯಿಂದಷ್ಟೇ ಅಲ್ಲ, ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ನನ್ನ ಕೈ ಮರುದಿನ ಬೆಳಿಗ್ಗೆಗೆ ಬನ್ನಿನ ಹಾಗೆ ಊದಿತ್ತು. ಔಷಧಿ ಮುಗಿದು ಬೆರಳು ಮಡಚಲು ಹತ್ತು ದಿನ ಬೇಕಾಯಿತು.

6. ಕಾರಣ ಯಾವುದು ಎಂದು ಹುಡುಕಿ

ಕಿಟಕಿಯ ಗಡವನ ಕತೆ ಮೇಲೆ ಹೇಳಿದೆ. ಉಳಿದವುಗಳಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ವಾಸನೆಯ ಜಗಳ. ಕರಿಯನಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಸಂಜೆ ಬುಟ್ಟಿಯಲ್ಲಿ ಮನೆಗೆ ತಂದಾಗ, ಹಿಂದಿನ ರಾತ್ರಿ ಒಂದೇ ಗೋಣಿಯ ಮೇಲೆ ಮಲಗಿದ್ದ ಚಿನ್ನಿ ಅವನನ್ನು ಮೂಸಿ, ಹಾವು ಕಂಡವಳ ಹಾಗೆ ಹಿಂದೆ ಹಾರಿ ಬುಸುಗುಟ್ಟಿದಳು. ಬೆಕ್ಕಿಗೆ ಗುರುತು ಎಂದರೆ ವಾಸನೆ. ಸ್ಪಿರಿಟ್ಟು, ಔಷಧಿ, ಬೇರೆ ಪ್ರಾಣಿಗಳ ವಾಸನೆ ಮೈಗಂಟಿಸಿಕೊಂಡು ಬಂದದ್ದು ಅವಳ ಪಾಲಿಗೆ ಕರಿಯನೇ ಅಲ್ಲ. ಆಸ್ಪತ್ರೆಯಿಂದ ಬಂದದ್ದನ್ನು ಒಂದು ದಿನವಾದರೂ ಬೇರೆ ಕೋಣೆಯಲ್ಲಿ, ಅದರದ್ದೇ ಹಳೆಯ ಹಾಸಿಗೆಯ ಮೇಲೆ ಮಲಗಿಸಿ. ಮನೆಯ ವಾಸನೆ ಮೈಗೆ ಹತ್ತಿದ ಮೇಲೆ ಹೊರಗೆ ಬಿಡಿ.

ನೋವೂ ಕಾರಣ ಇರಬಹುದು. ಹಲ್ಲುನೋವು, ಕೀಲುನೋವು ಇರುವ ಮುದಿ ಬೆಕ್ಕು ಮುಟ್ಟಿದರೆ ಸಿಡುಕುತ್ತದೆ. ಗಂಡುಬೆಕ್ಕು ಪದೇ ಪದೇ ಉಚ್ಚೆಗೆ ಕೂತು, ಹೊಯ್ಯಲಾಗದೆ ಕೂಗುತ್ತಿದ್ದರೆ ಮೂತ್ರನಾಳ ಕಟ್ಟಿರುವ ಸಾಧ್ಯತೆ ಇದೆ. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಅದಲ್ಲ, ಕೂಡಲೇ ವೈದ್ಯರ ಹತ್ತಿರ ಓಡಿ.

ಮರಿ ಹಾಕಿದ ತಾಯಿ ಎಲ್ಲರ ಮೇಲೂ ಏರಿ ಹೋಗುತ್ತದೆ. ಆ ಕೋಣೆಗೆ ಬೇರೆ ಬೆಕ್ಕನ್ನು ಬಿಡದಿದ್ದರೆ ಆಯಿತು. ಗಂಡುಗಳ ಹೋರಾಟಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ದಾರಿ. ಐದಾರು ತಿಂಗಳಿಗೇ ಮಾಡಿಸಬಹುದು. ಮಾಡಿಸಿದ ಮಾರನೇ ದಿನವೇ ಸಾಧು ಆಗುವುದಿಲ್ಲ, ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಹೆಣ್ಣಿಗೂ ಮಾಡಿಸಿ. ಬೆದೆಯ ಕೂಗು ಕೇಳಿ ಊರ ಗಡವಗಳೆಲ್ಲ ನಿಮ್ಮ ಅಂಗಳಕ್ಕೆ ಬರುವುದು ನಿಂತರೆ ಕಿಟಕಿಯ ಜಗಳವೂ ಕಡಿಮೆಯಾಗುತ್ತದೆ.

7. ಮನೆಯನ್ನು ಪಾಲು ಮಾಡಿ

ನಮ್ಮ ಮನೆಯ ಜಗಳ ನಿಜವಾಗಿ ತಗ್ಗಿದ್ದು ಇಲ್ಲಿ. ಬೆಚ್ಚನೆ ಜಾಗ ಒಂದೇ ಇದ್ದದ್ದು ತೊಂದರೆ, ಹಾಗಾಗಿ ಎರಡನೆಯದನ್ನು ಮಾಡಿದೆವು. ಅಡುಗೆಮನೆಯ ಒಲೆಯ ಹಿಂಬದಿ ಗೋಡೆಗೆ ಎದೆಯೆತ್ತರದಲ್ಲಿ ಒಂದು ಹಲಗೆ ಬಡಿದು, ಮೇಲೆ ಬಿದಿರಿನ ಬುಟ್ಟಿ, ಒಳಗೆ ಹಳೇ ಕಂಬಳಿಯ ತುಂಡು. ಹತ್ತಲು ಒಂದು ಕಡೆ ಸ್ಟೂಲು, ಇನ್ನೊಂದು ಕಡೆ ಅಕ್ಕಿ ಡಬ್ಬಿ. ಹೀಗೆ ಎರಡು ದಾರಿ ಬೇಕೇ ಬೇಕು. ಬರುವ ದಾರಿಯೇ ಹೋಗುವ ದಾರಿ ಆದರೆ ಆ ಜಾಗ ಬೋನಿನಂತೆ. ಬಚ್ಚಲುಮನೆಗೂ ಸೌದೆ ಕೊಟ್ಟಿಗೆಯ ಕಡೆಯಿಂದ ಬೆಕ್ಕು ತೂರುವಷ್ಟು ಒಂದು ಕಂಡಿ ಬಿಡಿಸಿದೆವು. ಕರಿಯ ಎರಡು ದಿನ ಹೊಸ್ತಿಲಲ್ಲಿ ಕೂತ, ಚಿನ್ನಿ ಕಂಡಿಯಿಂದ ಆಚೆ ಹೋದಳು. ಮೂರನೇ ದಿನ ಅವನು ಅಲ್ಲಿ ಕೂರಲಿಲ್ಲ.

ಊಟದ ತಟ್ಟೆಗಳನ್ನು ಪಕ್ಕಪಕ್ಕ ಇಡಬೇಡಿ. ಒಂದು ಜಗಲಿಯಲ್ಲಿ, ಒಂದು ಅಡುಗೆಮನೆಯಲ್ಲಿ, ಒಂದಕ್ಕೊಂದು ಕಾಣದ ಹಾಗೆ ಇರಲಿ. ನೀರನ್ನೂ ಎರಡು ಕಡೆ ಇಡಿ.

ಮಳೆಗಾಲದಲ್ಲಿ ಹೊರಗೆ ಹೋಗಲಾರದೆ ಸೌದೆ ರಾಶಿಯಲ್ಲಿ ಹೇಲು ಮಾಡುವುದು, ಅಲ್ಲೇ ಒಂದನ್ನೊಂದು ಹೊಂಚುವುದು ಸಾಮಾನ್ಯ. ಬೇಸಿಗೆಯಲ್ಲೇ ಎರಡು ಮೂಟೆ ಮರಳು ಒಣಗಿಸಿ ಇಟ್ಟುಕೊಳ್ಳಿ, ಸಾಮಿಲ್ಲಿನ ಮರದ ಹೊಟ್ಟೂ ಆಗುತ್ತದೆ. ಬೆಕ್ಕಿನ ಸಂಖ್ಯೆಗಿಂತ ಒಂದು ಬಾಣಲಿ ಹೆಚ್ಚಿಗೆ, ಬೇರೆ ಬೇರೆ ಮೂಲೆಯಲ್ಲಿ. ಬಾಲ ನಡುಗಿಸುತ್ತಾ ನಿಂತು ಗೋಡೆಗೆ ಉಚ್ಚೆ ಸಿಂಪಡಿಸಿದರೆ ಅದು ಗಡಿ ಗುರುತು. ಸೋಪಿನ ನೀರು, ಅಡುಗೆ ಸೋಡಾ ಹಾಕಿ ತೊಳೆಯಿರಿ. ಫಿನಾಯಿಲ್ ಬೇಡ. ಅದು ಪಾದಕ್ಕೆ ಅಂಟಿ, ನೆಕ್ಕಿದಾಗ ಹೊಟ್ಟೆಗೆ ಹೋಗಿ ಬೆಕ್ಕಿಗೆ ಕೇಡು ಮಾಡುತ್ತದೆ.

8. ಮತ್ತೆ ಒಟ್ಟುಗೂಡಿಸಿ

ದೊಡ್ಡ ಜಗಳ ಆದ ಮೇಲೆ ಅವಸರ ಮಾಡಬೇಡಿ. ಮೊದಲು ಬೇರೆ ಬೇರೆ ಕೋಣೆ. ಎರಡೂ ಸರಿಯಾಗಿ ಉಣ್ಣತೊಡಗಿದ ಮೇಲೆ ವಾಸನೆ ಬದಲಿಸಿ: ಒಂದರ ಕೆನ್ನೆಗೆ ಮೆತ್ತನೆ ಹತ್ತಿ ಬಟ್ಟೆ ಉಜ್ಜಿ ಇನ್ನೊಂದರ ಊಟದ ತಟ್ಟೆಯ ಹತ್ತಿರ ಇಡಿ. ಮೂಸಿ ಸುಮ್ಮನಾದರೆ ಸರಿ. ಬುಸುಗುಟ್ಟಿದರೆ ಬಟ್ಟೆಯನ್ನು ದೂರ ಸರಿಸಿ, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತನ್ನಿ.

ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಊಟ. ಬಾಗಿಲಿಂದ ಸ್ವಲ್ಪ ದೂರದಿಂದ ಶುರುಮಾಡಿ. ಬಂಗುಡೆ, ಬೂತಾಯಿ ಏನು ಅದಕ್ಕೆ ಪ್ರಾಣವೋ ಅದನ್ನು ಈ ಹೊತ್ತಿಗಾಗಿಯೇ ಇಟ್ಟುಕೊಳ್ಳಿ. ಆಚೆಯವನ ವಾಸನೆ ಬಂದಾಗಲೆಲ್ಲ ಮೀನು ಸಿಗುತ್ತದೆ ಎಂಬುದು ತಲೆಯಲ್ಲಿ ಕೂರಬೇಕು. ಗಬಗಬ ತಿಂದರೆ ಮರುದಿನ ಒಂದಡಿ ಹತ್ತಿರ. ತಿನ್ನುತ್ತಾ ನಿಲ್ಲಿಸಿ ಬಾಗಿಲನ್ನೇ ದಿಟ್ಟಿಸಿದರೆ ಒಂದಡಿ ಹಿಂದೆ.

ನಂತರ ಬಾಗಿಲು ಎರಡು ಬೆರಳು ತೆರೆದು ಗೂಟ ಹೊಡೆಯಿರಿ, ಇಲ್ಲವೇ ಸೊಳ್ಳೆಪರದೆಯ ಚೌಕಟ್ಟು ಅಡ್ಡ ಇಡಿ. ಕಂಡೂ ಉಂಡರೆ, ಆಮೇಲೆ ಐದು ನಿಮಿಷ ಒಂದೇ ಕೋಣೆಯಲ್ಲಿ, ಆ ತುದಿಗೊಂದು ಈ ತುದಿಗೊಂದು. ಮೊರ ಕೈಗೆ ಸಿಗುವ ಹಾಗಿರಲಿ. ಜಗಳ ಆದ ಮೇಲೆ ಬಿಡಿಸುವುದಲ್ಲ, ಇನ್ನೂ ಶಾಂತವಾಗಿರುವಾಗಲೇ ಆ ದಿನದ ಭೇಟಿ ಮುಗಿಸಿ. ನಮಗೆ ಇದಕ್ಕೆಲ್ಲ ಹತ್ತೊಂಬತ್ತು ದಿನ ಹಿಡಿಯಿತು. ಒಂದು ವಾರದಲ್ಲಿ ಮುಗಿಯುವುದುಂಟು, ತಿಂಗಳುಗಟ್ಟಲೆ ಎಳೆಯುವುದೂ ಉಂಟು.

ತಿಂಗಳಾದರೂ ಹೆಜ್ಜೆ ಮುಂದೆ ಹೋಗದಿದ್ದರೆ ವೈದ್ಯರ ಹತ್ತಿರ ಹೋಗಿ. ಬರಿಗೈಯಲ್ಲಿ ಹೋಗಬೇಡಿ. ಜಗಳಕ್ಕೆ ಮುಂಚಿನ ಒಂದು ನಿಮಿಷದ ವಿಡಿಯೋ ಮೊಬೈಲಿನಲ್ಲಿರಲಿ. ಕಚ್ಚಾಟದ್ದಕ್ಕಿಂತ ಅದೇ ಮುಖ್ಯ, ಯಾರು ಯಾರನ್ನು ದಿಟ್ಟಿಸಿದರು ಎಂಬುದು ಅದರಲ್ಲೇ ಇರುತ್ತದೆ. ಜೊತೆಗೆ ಕ್ಯಾಲೆಂಡರಿನಲ್ಲಿ ಜಗಳವಾದ ದಿನ, ಹೊತ್ತು, ಕೋಣೆ ಗುರುತು ಹಾಕಿಟ್ಟುಕೊಳ್ಳಿ. ನಮ್ಮ ಕ್ಯಾಲೆಂಡರಿನ ಜುಲೈ ಹಾಳೆಯಲ್ಲಿ ಹನ್ನೊಂದು ಗುರುತುಗಳಿದ್ದವು. ಒಂಬತ್ತು ಸಂಜೆ ಆರರಿಂದ ಏಳರೊಳಗೆ, ಅತ್ತೆ ಹಂಡೆಗೆ ಬೆಂಕಿ ಹಾಕುವ ಹೊತ್ತಿಗೆ.